ಬಾಡದ ಫೈನಲ್ಲೂ ನನ್ನ ಹಲ್ಲಿನ ಕವರೂ

ಭಾಸ್ಕರಾ, ನಿನ್ನ ಮೆಸೇಜು ಓದ್ದೆ ಮಾರಾಯಾ. "ಹಲ್ಲು ಬಂತಾ? ಬಾಡದ ಫೈನಲ್ ಕಾಮೆಂಟ್ರಿ ಹೆಂಗಾತು?" ಅಂತ ಎರಡು ಸಾಲು ಬರ್ದು ಗೇರುಸೊಪ್ಪದಲ್ಲಿ ಕಾಲು ಚಾಚ್ಕಂಡು ಕೂತಿದ್ದೀಯ. ಎರಡು ಸಾಲಲ್ಲಿ ಉತ್ತರ ಕೊಡೂ ಪ್ರಶ್ನೆಯಾ ಇದು? ಈ ಫೋನಲ್ಲಿ ಟೈಪು ಮಾಡೂಕೆ ನನ್ನ ಬೆರಳು ದಪ್ಪ, ಒಂದಕ್ಷರ ಒತ್ತಿದ್ರೆ ನಾಲ್ಕು ಬೀಳ್ತದೆ. ಅದ್ಕೆ ಮಾತಾಡೇ ಕಳಿಸ್ತೆ. ಚಾ ಮಾಡ್ಕಂಡು ಕೂತು ಕೇಳು. ಮತ್ತೆ, ನನ್ನ 'ಸ' ಅಲ್ಲಲ್ಲಿ ಸರಿ ಬರೂದಿಲ್ಲ. ಬಾಯಲ್ಲಿ ಕವರ್ ಅದೆ. ನಗಬೇಡ. ನಗೂ ಕೆಲಸ ಬೇರೆಯವ್ರೆಲ್ಲ ಮಾಡಿ ಮುಗ್ಸಿದ್ದಾರೆ.

ಹಲ್ಲು ಬರ್ಲಿಲ್ಲ. ಅದನ್ನ ಮೊದ್ಲೇ ಹೇಳ್ಬಿಡ್ತೆ.

ನನ್ನ ಮುಂದಿನ ಹಲ್ಲು ಹೋದ್ದು ಹೆಂಗೆ ಅಂತ ನಿಂಗೊತ್ತು. ತೆಂಗಿನಗುಂಡಿಯಲ್ಲಿ ಬೋಟಿನ ಇಂಜಿನ್ನು ರಿಪೇರಿ ಮಾಡಿ ಹ್ಯಾಂಡಲ್ ತಿರ್ಗಿಸ್ದೆ, ಅದು ಉಲ್ಟಾ ಹೊಡ್ದು ಮೇಲಿನ ಹಲ್ಲು ಹಾರ್ಸ್ಕಂಡೇ ಹೋತು. ಆವಾಗ ಹೊಸ ಹಲ್ಲು ಕಟ್ಸೂಕೆ ಯಾರಿಗೆ ಪುರ್ಸೊತ್ತಿತ್ತು? ಒಂದು ಹಾಕಿ ತೆಗೆಯೂ ಹಲ್ಲು ಮಾಡ್ಸ್ಕಂಡೆ. ಗುಲಾಬಿ ಬಣ್ಣದ ಪ್ಲೇಟು, ಅದ್ಕೊಂದು ಹಲ್ಲು. ಊರೂರು ವಾಲಿಬಾಲ್ ಟೂರ್ನಮೆಂಟಿಗೆ ಅದನ್ನೇ ಹಾಕ್ಕಂಡು ಹೋಗಿ ಮೈಕ್ ಹಿಡೀತಿದ್ದೆ. ನೀ ಒಂದು ಬದಿ, ನಾ ಒಂದು ಬದಿ. ನೀ ಸ್ಕೋರು ಹೇಳೂದು, ನಾ ಉಳ್ದದ್ದೆಲ್ಲ ಹೇಳೂದು. ಭಟ್ಕಳದಿಂದ ಕುಮಟಾವರೆಗೆ ನೆಟ್ ಕಟ್ಟಿದಲ್ಲೆಲ್ಲ ನಮ್ಮನ್ನ ಕರೀತಿದ್ರು.

ನೀ ಮಂಡಿ ನೋವು ಅಂತ ಬಿಟ್ಟೆ. ಬಿಟ್ಟು ಬಚಾವಾದೆ. ಹೋದ ವರ್ಷ ಬಾಡ ಬೀಚಿನ ಫೈನಲ್ಲಿಗೆ ನಾನೊಬ್ಬನೇ ಹೋದೆ. ಎರಡನೇ ಸೆಟ್ಟು, ಸಮ ಸಮ. ನಮ್ಮ ಬಾಡದ ಹುಡ್ಗ ಎಗರಿ ಸ್ಮ್ಯಾಶ್ ಹೊಡ್ದ. ನಾನು "ಸ್ಮ್ಯಾಶ್!" ಅಂತ ಎದೆ ಬಿರಿಯೂ ಹಂಗೆ ಕೂಗ್ದೆ. ಆ ಕೂಗಿನ ಸಂತಿಗೆ ಪ್ಲೇಟು ಬಾಯಿಂದ ಹಾರಿ, ಟೇಬಲ್ ದಾಟಿ, ಗೆರೆಯ ಆಚೆ ಹೊಯ್ಗೆ ಮೇಲೆ ಬಿತ್ತು. ಲೈನ್ ನೋಡೂ ಹುಡ್ಗ ಅದನ್ನ ನೋಡ್ದ, ನನ್ನ ನೋಡ್ದ, ಬಾವುಟ ಎತ್ತಿ 'ಔಟ್' ಅಂತ ತೋರ್ಸ್ದ.

ಇಡೀ ಬೀಚು ನಕ್ತು ಭಾಸ್ಕರಾ. ಎದುರು ಟೀಮಿನವ್ರೂ ನಕ್ಕರು. ಅದನ್ನ ಯಾವನೋ ಮೊಬೈಲಲ್ಲಿ ಹಿಡ್ದು ಬಿಟ್ಟ. ಕುವೈತಲ್ಲಿರೂ ನನ್ನ ಅಳಿಯನ ದೋಸ್ತನವರೆಗೂ ಹೋತು ಅದು.

ಮರುದಿನ ವೆಂಕಟನ ಫೋನು. ಬಾಡದ ಯುವಕ ಸಂಘದ ಸೆಕ್ರೆಟ್ರಿ, ನಿಂಗೊತ್ತಲ್ಲ, ಮಾತಿಗೆ ಬೆಲ್ಲ ಹಚ್ಚಿ ಕತ್ತಿ ಇಳಿಸೂ ಜಾತಿ. "ದೇವಣ್ಣ, ಮೈಕ್ ನಿಮ್ದೇ. ಆದ್ರೆ ಆ ಹಲ್ಲೊಂದು ಗಟ್ಟಿ ಮಾಡ್ಸ್ಕಳಿ. ಇಲ್ದಿದ್ರೆ ಬರೂ ವರ್ಷ ಪ್ರವೀಣನ್ನ ಕರ್ಸ್ತ್ರು ಅಂತ ಹುಡುಗ್ರು ಹೇಳ್ತಾ ಇದ್ದಾರೆ."

"ಹುಡುಗ್ರು ಹೇಳ್ತಾ ಇದ್ದಾರಾ, ನೀ ಹೇಳ್ತಾ ಇದ್ದೀಯಾ?"

"ಹಂಗಲ್ಲ ದೇವಣ್ಣ..."

ಪ್ರವೀಣ ಅಂದ್ರೆ ಹೊನ್ನಾವರದವ. ಅವನ ಕಾಮೆಂಟ್ರಿ ಕೇಳಿದ್ದೀಯಾ? ಲ್ಯಾಪ್‌ಟಾಪ್ ಇಟ್ಕಂಡು ಒಂದು ಪಾಯಿಂಟಿಗೆ ಆನೆ ಘೀಳಿಡೂ ಸೌಂಡು, ಒಂದು ಪಾಯಿಂಟಿಗೆ ಗಾಜು ಒಡೆಯೂ ಸೌಂಡು ಬಿಡ್ತ. ಬಾಲ್ ಎಲ್ಲಿ ಬಿತ್ತು ಅಂತ ಹೇಳೂದಿಲ್ಲ, "ಬೆಂಕಿ! ಬೆಂಕಿ!" ಅಂತ. ನಾನಿರೂವರೆಗೆ ಅವನ ಕೈಗೆ ಬಾಡದ ಮೈಕ್ ಹೋಗೂಕಿಲ್ಲ ಅಂತ ಅವತ್ತೇ ತೀರ್ಮಾನ ಮಾಡ್ದೆ. ಹಲ್ಲು ಕೂರ್ಸೂದು, ಬರೂ ಫೈನಲ್ಲಿಗೆ ಮೈಕ್ ಹಿಡಿಯೂದು. ಅಷ್ಟೇ ನನ್ನ ಹಟ.

ಫೋನಿನ ಗುಂಡಿಯಿಂದ ಬೆರಳು ಬಿಟ್ಟೆ, ಆ ಮೆಸೇಜು ಹೋತು. ಮುಂದಿನದು ಕೇಳು.

ಹೆಂಡ್ತಿ ಹೊನ್ನಮ್ಮನ್ನ ಕರ್ಕಂಡು ಬಸ್ಸಲ್ಲಿ ಹೊನ್ನಾವರಕ್ಕೆ ಹೋದೆ. ಅಲ್ಲಿ ಚಂದನಾ ಅಂತ ಹಲ್ಲಿನ ಡಾಕ್ಟ್ರು. ಸಣ್ಣ ಪ್ರಾಯದ ಹೆಣ್ಣು, ಒಳ್ಳೇ ಮಾತು. ನಾನು ಖುರ್ಚಿಯಲ್ಲಿ ಕೂತವನೇ, "ಡಾಕ್ಟ್ರೇ, ಎಲುಬಿಗೆ ಸ್ಕ್ರೂ ಹಾಕಿ ಹಲ್ಲು ಕೂರಿಸ್ತ್ರಂತಲ್ಲ, ಅದು ಹಾಕಿ. ಇವತ್ತೇ ಆದ್ರೆ ಇವತ್ತೇ ಅಡ್ಡಿಲ್ಲ" ಅಂದೆ.

ಅವ್ರು ಫೋಟೋ ತೆಗ್ದು, ನೋಡಿ, ಕನ್ನಡಿ ಕೊಟ್ರು. "ಅಜ್ಜಾರೆ, ಹಲ್ಲು ಹೋಗಿ ಎಷ್ಟೋ ಕಾಲ ಆಗಿದೆ. ಪಕ್ಕದ ಹಲ್ಲೆರಡೂ ಖಾಲಿ ಜಾಗಕ್ಕೆ ಓರೆಯಾಗಿ ಜಾರಿ ಬಂದಿವೆ. ಒಳಗೆ ಬೇರುಗಳೂ ಹತ್ರ ಬಂದಿವೆ. ಈಗ ಸ್ಕ್ರೂ ಇಳಿಸಿದ್ರೆ ಪಕ್ಕದ ಬೇರಿಗೆ ತಾಗ್ತದೆ. ಮೊದ್ಲು ಆ ಹಲ್ಲುಗಳನ್ನ ನೆಟ್ಟಗೆ ಮಾಡಿ ಹಿಂದೆ ಕಳಿಸ್ಬೇಕು. ಆಮೇಲೆ ಸ್ಕ್ರೂ."

"ಹಿಂದೆ ಕಳಿಸೂದು ಹೆಂಗೆ? ಅವು ಎಂತ ಬಸ್ಸಲ್ಲಿ ಬಂದ ಜನವಾ?"

ಹೊನ್ನಮ್ಮ ನನ್ನ ತೊಡೆ ಚಿವುಟಿದಳು. ಡಾಕ್ಟ್ರು ನಕ್ಕು, ಒಂದು ಗಾಜಿನ ಹಂಗಿದ್ದ ಪ್ಲಾಸ್ಟಿಕ್ ಅಚ್ಚು ತೋರ್ಸಿದ್ರು. ಅಲೈನರ್ ಅಂತ ಅದರ ಹೆಸರು. ನಾವು ಮನೇಲಿ ಕವರ್ ಅಂತೀವಿ. ಹಲ್ಲಿನ ಸಾಲಿಗೆ ಗವಸು ಹಾಕ್ದ ಹಂಗೆ ಕೂರ್ತದೆ. ಒಂದು ಕವರ್ ಸ್ವಲ್ಪ ದೂಡ್ತದೆ, ಅದಾದ್ಮೇಲೆ ಇನ್ನೊಂದು ಇನ್ನೂ ಸ್ವಲ್ಪ ದೂಡ್ತದೆ. ಹಂಗೆ ಒಂದರ ಹಿಂದೊಂದು ಹಾಕ್ತಾ ಹೋದ್ರೆ ಖಾಲಿ ಜಾಗ ಅಗಲ ಆತದೆ. ಖಾಲಿ ಇದ್ದಲ್ಲಿ ಕವರ್ ಒಳಗೆ ಹಲ್ಲಿನ ಬಣ್ಣ ತುಂಬಿರ್ತ್ರು, ಹಾಕ್ಕಂಡ್ರೆ ಹಲ್ಲಿದ್ದ ಹಂಗೇ ಕಾಣ್ತದೆ.

"ಊಟ ಮಾಡೂವಾಗ, ಹಲ್ಲು ತಿಕ್ಕೂವಾಗ ಬಿಟ್ರೆ ಇಡೀ ದಿನ ಬಾಯಲ್ಲೇ ಇರ್ಬೇಕು ಅಜ್ಜಾರೆ. ಕವರ್ ಇದ್ದಾಗ ಬರೀ ನೀರು. ತೆಗೆದ್ರೆ ಡಬ್ಬದಲ್ಲಿಡಿ. ಹಳೇ ಕವರ್ ಬಿಸಾಡ್ಬೇಡಿ. ತಪ್ಪದೆ ಹಾಕಿದ್ರೆ ಮಳೆಗಾಲದ ಮೊದ್ಲು ಸ್ಕ್ರೂ, ಅದು ಎಲುಬಿಗೆ ಹಿಡಿಯೂಕೆ ಕೆಲವು ತಿಂಗಳು, ಆಮೇಲೆ ಹಲ್ಲು."

ಬಾಡದ ಟೂರ್ನಮೆಂಟು ಮಳೆಗಾಲ ಕಳ್ದ ಮೇಲೆ. ಬೆರಳು ಮಡಿಸಿ ನೋಡ್ದೆ, ಸರಿ ಬರ್ತದೆ ಅನ್ಸ್ತು. ಆತು ಅಂದೆ.

ಅಂದದ್ದೇ ಅಂದದ್ದು. ನನ್ನ ಹಲ್ಲಿನ ಮೇಲೆ ಅಕ್ಕಿಕಾಳಿನ ಹಂಗೆ ಗುಬುಟು ಅಂಟಿಸಿದ್ರು, ಕವರ್ ಹಿಡ್ಕಂಬುಕೆ ಅಂತ. ತುಟಿಗೆ ತಾಗಿ ತಾಗಿ ಹುಣ್ಣು. ಹೊಸ ಕವರ್ ಹಾಕ್ದ ದಿನ ಹಲ್ಲೆಲ್ಲ ಯಾರೋ ಸ್ಪಾನರ್ ಹಾಕಿ ಬಿಗಿದ ಹಂಗೆ. ಚಾ ಕುಡಿಯೂಕೆ ತೆಗಿ, ತೊಳಿ, ಹಾಕು. ಅವಲಕ್ಕಿ ತಿನ್ನೂಕೆ ತೆಗಿ, ತೊಳಿ, ಹಾಕು. ಬಂಗಡೆ ಮುಳ್ಳು ಗುಬುಟಿಗೆ ಸಿಕ್ಕಿಕೊಂಡ್ರೆ ಕನ್ನಡಿ ಮುಂದೆ ನಿಂತು ಬಾಯಿ ಕಳ್ದು ಕಿತ್ಕಂತಾ ಕೂತ್ಕ. ಹೊನ್ನಮ್ಮ ಕೇಳ್ತಿದ್ಲು, "ಮದುವೆಗೆ ಹೆಣ್ಣು ನೋಡೂಕೆ ಹೊರಟವ್ರ ಹಂಗೆ ಎಂತಕ್ಕೆ ದಿನವಿಡೀ ಕನ್ನಡಿ?"

ಆ ಮೇಲೆ ಕವಳದ ಗಲಾಟೆ. ಒಂದ್ಸಲ ತೋರ್ಸೂಕೆ ಹೋದಾಗ ಡಾಕ್ಟ್ರು ಕವರ್ ಕೈಲಿ ಹಿಡ್ದು ಬೆಳಕಿಗೆ ನೋಡಿದ್ರು. ದಾಸಾಳ ಹೂವಿನ ಹಂಗೆ ಕೆಂಪು.

"ಇದೆಂತ ಅಜ್ಜಾರೆ? ಊಟ ಬಿಟ್ಟು ಬೇರೆ ಎಂತದೂ ಬಾಯಿಗೆ ಹಾಕೂದಿಲ್ಲ ಅಂದಿದ್ರಿ?"

"ಎಂತದೂ ಹಾಕೂದಿಲ್ಲ."

"ಮತ್ತೆ ಈ ಬಣ್ಣ?"

"ಅದು ಕವಳ."

ಕವಳವನ್ನ ಯಾರಾದ್ರೂ ಲೆಕ್ಕಕ್ಕೆ ಹಿಡೀತ್ರಾ ಭಾಸ್ಕರಾ? ನೀ ಹಿಡೀತೀಯಾ? ಊಟವಾ ಅದು, ತಿಂಡಿಯಾ? ಉಸಿರು ಬಿಟ್ಟ ಹಂಗೆ ಅದು. ಕವರ್ ಹಾಕ್ಕಂಡೇ ಅಗೀತಿದ್ದೆ. ಸುಣ್ಣ, ಅಡಿಕೆ ಚೂರು ಎಲ್ಲ ಒಳಗೆ ಸೇರಿ ಕವರ್ ಅಂಚು ಸೀಳಿ ಹೋಗಿತ್ತು. ಅದ್ಕೇ ಹಲ್ಲು ಸರ್ಯಾಗಿ ಜರುಗ್ಲಿಲ್ಲ ಅಂತ ಡಾಕ್ಟ್ರು ಹೇಳಿದ್ರು. "ಅಜ್ಜಾರೆ, ಕವಳ ಬಿಡಿ. ಬಿಡದಿದ್ರೆ ನಾನು ಸ್ಕ್ರೂ ಹಾಕೂದಿಲ್ಲ." ಏರು ಸ್ವರ ಇಲ್ಲ, ಎಂತ ಇಲ್ಲ. ಬೈದಿದ್ರೆ ನಾನೂ ತಿರ್ಗಿ ಬೈತಿದ್ದೆ. ಮೆತ್ತಗೆ ಹೇಳ್ದವ್ರಿಗೆ ಎಂತ ಹೇಳೂದು?

ಬಿಟ್ಟೆ. ಮೀಸೆ ಬರೂ ಮೊದ್ಲು ಹಿಡ್ದ ಕವಳ, ಒಂದು ಪ್ಲಾಸ್ಟಿಕ್ಕಿಗೋಸ್ಕರ ಬಿಟ್ಟೆ. ನಮ್ಮ ಅಂಗಳದ ಕಟ್ಟೆ ಮೇಲೆ ನಾಲ್ಕು ಜನ ತಟ್ಟೆ ಸುತ್ತ ಕೂತು ಎಲೆಗೆ ಸುಣ್ಣ ಸವರೂವಾಗ ನಾ ಬಾಟ್ಲಿ ನೀರು ಕುಡೀತಾ ಕೂರೂದು. ಮಾತು ಬರೂದೇ ಇಲ್ಲ ಮಾರಾಯಾ ಹಂಗೆ ಕೂತ್ರೆ.

ಹಾಂ, ಈಗ ಮುಖ್ಯ ಸಂಗ್ತಿಗೆ ಬರ್ತೆ.

ಕುಮಟಾದಲ್ಲಿ ಹೊನ್ನಮ್ಮನ ತಂಗಿ ಕಮಲಿ ಇದ್ದಾಳಲ್ಲ, ಅವಳ ಮನೆ ಒಕ್ಲು. ಹೊಸ ಮನೆ, ಚಪ್ಪರ ಹಾಕಿ ಬಾಳೆ ಎಲೆ ಊಟ. ಭಟ್ರು ಆಶೀರ್ವಾದ ಮಾಡಿ ಮಂತ್ರಾಕ್ಷತೆ ಕೊಟ್ರು. ಕಿಸೆಗೆ ಹಾಕ್ಕಂಡೆ. ಗಂಧ, ಪ್ರಸಾದದ ಹೂವು ಕರ್ಚೀಪಲ್ಲಿ ಕಟ್ಟಿಕೊಂಡೆ. ಪಂಕ್ತಿಗೆ ಕರ್ದ್ರು, ಕೂತೆ. ಉಪ್ಪು ಬಡಿಸಿದ್ರು, ಕೋಸಂಬ್ರಿ ಬಡಿಸಿದ್ರು, ಅನ್ನ ಬಂತು. ಆವಾಗ ನೆಂಪಾತು, ಬಾಯಲ್ಲಿ ಕವರ್. ಡಬ್ಬ ಹೊನ್ನಮ್ಮನ ಚೀಲದಲ್ಲಿ. ಹೊನ್ನಮ್ಮ ಹೆಂಗಸ್ರ ಪಂಕ್ತಿಯಲ್ಲಿ, ಆ ಬದಿ ಚಪ್ಪರದ ತುದಿಗೆ.

ತೆಗ್ದೆ. ತೆಗ್ದು ಇಡೂದೆಲ್ಲಿ? ಬಾಯಿಂದ ಬಂದದ್ದು, ಎಂಜಲು. ಕಿಸೆಯಲ್ಲಿ ಮಂತ್ರಾಕ್ಷತೆ ಅದೆ, ಅದ್ರ ಸಂತಿಗೆ ಎಂಜಲು ಹಾಕ್ತ್ರಾ? ಕರ್ಚೀಪಲ್ಲಿ ಪ್ರಸಾದ. ನೆಲದ ಮೇಲಿಟ್ರೆ ಬಡಿಸೂವವ್ರ ಕಾಲು. ಆ ಚಪ್ಪರದಲ್ಲಿ ಎಂಜಲು ತಾಗ್ಲಿಕ್ಕೆ ಅಡ್ಡಿಯಿಲ್ಲದ ಜಾಗ ಒಂದೇ, ನನ್ನ ಎಲೆ. ಎಲೆ ತುದಿ ಸ್ವಲ್ಪ ಎತ್ತಿ ಅದರ ಅಡಿಗೆ ತಳ್ಳಿದೆ. ಗಾಜಿನ ಹಂಗಿರೂದು, ಯಾರಿಗೂ ಕಾಣೂದಿಲ್ಲ. ಚಲೋ ಜಾಗ ಅಂತ ನಂಗೇ ಖುಷಿ ಆತು.

ಊಟ ಭರ್ಜರಿ. ಪಕ್ಕದಲ್ಲಿ ಬಾಡದವ ಒಬ್ಬ ಕೂತಿದ್ದ. "ದೇವಣ್ಣ, ಈ ಸಲ ಫೈನಲ್ ನೀವೇ ಅಲ್ದಾ? ಆ ಹೊನ್ನಾವರದವನ ಆನೆ ಕೂಗು ಕೇಳೂಕಾಗ್ದು" ಅಂದ. ನಂಗೆ ಖುಷಿ ತಲೆಗೇರ್ತು ಭಾಸ್ಕರಾ. ಮಾತಾಡ್ದೆ, ಮಾತಾಡ್ದೆ. ಪಾಯಸ ಎರಡು ಸಲ ಹಾಕ್ಸ್ಕಂಡೆ. ಎಲ್ರೂ ಎದ್ದ್ರು, ನಾನೂ ಎಲೆ ಮಡಿಸಿ ಎದ್ದೆ. ಕೈ ತೊಳ್ಕಂಡು, ಬಾಯಿ ಮುಕ್ಕಳಿಸೂವಾಗ ನಾಲಿಗೆಗೆ ಹಲ್ಲಿನ ಗುಬುಟು ತಾಗ್ತು. ಕವರ್!

ಓಡ್ದೆ. ನನ್ನ ಜಾಗದಲ್ಲಿ ಎಲೆ ಇಲ್ಲ. ಇಡೀ ಪಂಕ್ತಿಯ ಎಲೆ ಎತ್ತಿ, ನೆಲ ಒರೆಸಿ, ಮುಂದಿನ ಪಂಕ್ತಿಗೆ ಎಲೆ ಹಾಕ್ತಾ ಇದ್ರು.

ಹಿತ್ಲಿಗೆ ಹೋದೆ. ಗುಂಡಿ ತುಂಬ ಎಂಜಲೆಲೆ ಗುಡ್ಡೆ. ಎಲೆ ತೆಗೆಯೂ ತಿಮ್ಮಕ್ಕ ಇನ್ನೊಂದು ಬುಟ್ಟಿ ತಂದು ಸುರೀತಾ ಇದ್ಲು. ನಾನು ಪಂಚೆ ಎತ್ತಿ ಕಟ್ಟಿ ಗುಂಡಿಗೆ ಬಗ್ಗಿದೆ.

"ಎಂತ ಹುಡುಕ್ತ್ರಿ ಅಣ್ಣಾ? ಉಂಗುರವಾ?"

"ಉಂಗುರ ಅಲ್ಲ."

"ಮೊಬೈಲಾ?"

"ಅಲ್ಲ ಮಾರಾಯ್ತಿ. ಹಲ್ಲಿನ ಕವರ್."

ಅವಳು ಬುಟ್ಟಿ ಕೆಳಗಿಟ್ಲು. "ಈಗ ಹಲ್ಲಿಗೂ ಕವರ್ ಹಾಕ್ತ್ರಾ? ಧೂಳು ಬೀಳ್ತದೆ ಅಂತವಾ?"

ಅವಳಿಗೆ ವಿವರ ಹೇಳೂ ತಾಳ್ಮೆ ನಂಗೆ ಎಲ್ಲಿತ್ತು? ಕೋಲು ತಂದ್ಲು ಪಾಪ, ಇಬ್ರೂ ಕೆದಕಿದ್ವಿ. ಒಂದು ಚಮಚ ಸಿಕ್ತು. ಒಂದು ಮಗುವಿನ ಬಳೆ ಸಿಕ್ತು. ಯಾರದ್ದೋ ಮಾತ್ರೆ ಚೀಟಿ ಸಿಕ್ತು. ಕವರ್ ಇಲ್ಲ. ಆಮೇಲೆ ತಿಮ್ಮಕ್ಕ ಹೇಳ್ತಾಳೆ, "ಆಗ ಒಂದು ಆಕಳು ಬಂದು ನಾಲ್ಕೆಂಟು ಎಲೆ ತಿಂದು ಹೋತು. ಅದರ ಹೊಟ್ಟೆಗೆ ಹೋಗಿದ್ರೆ?" ಆಕಳು ಬೇಲಿ ಬದಿ ನಿಂತು ಮೆಲುಕು ಹಾಕ್ತಾ ಇತ್ತು. ನಾನು ಅದರ ಬಾಯನ್ನೇ ನೋಡ್ತಾ ನಿಂತೆ. ಅದು ನನ್ನ ಬಾಯನ್ನ ನೋಡ್ತು. ಅಷ್ಟು ಹೊತ್ತಿಗೆ ಕಮಲಿ ಮನೆ ನೆಂಟ್ರೆಲ್ಲ ಹಿತ್ಲ ಬಾಗಿಲಿಗೆ ಬಂದು ನೆರೆದಿದ್ರು.

ಹೊನ್ನಮ್ಮ ಎಂತ ಅಂದ್ಲು ಗೊತ್ತಾ? "ಬಾಯಿಗೆ ಹಾಕೂ ವಸ್ತು ಎಲೆ ಅಡಿಗೆ ಇಡ್ತ್ರಲ್ಲ, ನಿಮ್ಗೆ ಬುದ್ಧಿ ಇತ್ತಾ?"

"ಮತ್ತೆ ಮಂತ್ರಾಕ್ಷತೆ ಸಂತಿಗೆ ಹಾಕೂದಿತ್ತಾ?"

ಅವಳಾದ್ರೂ ಎಲೆ ಅಡಿಗೇ ಇಡ್ತಿದ್ಲು.

ನೀರು ಕುಡ್ದು ಬಂದೆ. ಕೇಳು.

ಆಗ್ಲೇ ಡಾಕ್ಟ್ರಿಗೆ ಫೋನ್ ಮಾಡ್ಬೇಕಿತ್ತಂತೆ. ಮಾಡ್ಲಿಲ್ಲ. ಕವಳದ ವಿಷ್ಯದಲ್ಲಿ ಮುಖ ಕೆಡಿಸ್ಕಂಡಿದ್ದೆ, ಇನ್ನು 'ಆಕಳು ತಿಂತು' ಅಂತ ಹೇಳೂದಾ? ಮುಂದಿನ ಕವರ್ ಮನೇಲೇ ಇತ್ತಲ್ಲ, ಅದನ್ನ ಹೊತ್ತು ಬಂದಾಗ ಹಾಕಿದ್ರೆ ಆತು ಅಂತ ಸುಮ್ನಾದೆ. ಆ ದಿನ ಬಂತು. ಹಾಕೂಕೆ ಹೋದ್ರೆ ಕೂರೂದೇ ಇಲ್ಲ. ಒತ್ತಿದೆ, ಕಚ್ಚಿದೆ. ಒಂದು ಬದಿ ಕೂತ್ರೆ ಇನ್ನೊಂದು ಬದಿ ಏಳ್ತದೆ. ಕಡೆಗೆ ಗುಬುಟೊಂದು ಕಿತ್ತು ಕೈಗೆ ಬಂತು.

ಹೊನ್ನಾವರಕ್ಕೆ ಹೋಗ್ಲೇಬೇಕಾತು. ಡಾಕ್ಟ್ರು ಬಾಯಿ ನೋಡಿ ಕನ್ನಡಿ ಕೆಳಗಿಟ್ರು. "ಕವರ್ ಇಲ್ದೆ ಇದ್ದ ದಿನಗಳಲ್ಲಿ ಹಲ್ಲು ವಾಪಸ್ ಬಂದಿದೆ ಅಜ್ಜಾರೆ. ಕಳೆದ ದಿನವೇ ಹೇಳಿದ್ರೆ ಅದ್ರ ಹಿಂದಿನ ಹಳೇ ಕವರ್ ಹಾಕ್ಕಳಿ ಅಂತಿದ್ದೆ. ಅದು ಇದ್ದಲ್ಲೇ ಹಿಡ್ದು ಇಡ್ತಿತ್ತು. ಈಗಾದ್ರೂ ಹಳೇದು ತಂದಿದ್ದೀರಾ?"

ನಾ ಹೊನ್ನಮ್ಮನ ಮುಖ ನೋಡ್ದೆ.

"ಎಂಜಲು ಮಾಡಿದ್ದನ್ನ ಮನೇಲಿ ಕೂಡಿಡ್ತ್ರಾ ಡಾಕ್ಟ್ರೇ?" ಅಂದ್ಲು ಅವಳು. "ಒಂದೊಂದು ಬದಲಿಸಿದ ಹಂಗೆ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆ."

"ಬಿಸಾಡ್ಬೇಡಿ ಅಂತ ಹೇಳಿದ್ದೆ."

"ಬಿಸಾಡ್ಲಿಲ್ಲ. ಮಣ್ಣು ಮಾಡ್ದೆ."

ಆ ಡಾಕ್ಟ್ರು ಕಿಟಕಿ ಬದಿ ತಿರ್ಗಿ ನಿಂತ್ರು. ನಗ್ತಾ ಇದ್ರಾ, ಸಿಟ್ಟು ನುಂಗ್ತಾ ಇದ್ರಾ ಗೊತ್ತಿಲ್ಲ. ಮತ್ತೆ ಹೊಸದಾಗಿ ಬಾಯಿಯ ಅಳತೆ, ಹೊಸ ಕವರ್ ಮಾಡಿ ಬರೂವರೆಗೆ ಕಾಯೂದು, ಮತ್ತೆ ಒಂದರ ಹಿಂದೊಂದು. ಮಳೆಗಾಲದ ಮೊದ್ಲು ಸ್ಕ್ರೂ ಅಂದದ್ದು ಮಳೆಗಾಲ ಮುಗ್ದ್ರೂ ಇಲ್ಲ. "ಇದೇ ಕೊನೇ ಸಲ ಅಜ್ಜಾರೆ. ಇದೂ ಹಾಳಾದ್ರೆ ಹಳೇ ಪ್ಲೇಟಿಗೇ ಹೋಗಿ" ಅಂದ್ರು. ಹಳೇ ಪ್ಲೇಟು ಅಂದ ಕೂಡ್ಲೆ ಕಣ್ಣ ಮುಂದೆ ಬಾವುಟ ಎತ್ತಿದ ಆ ಲೈನಿನ ಹುಡ್ಗ ಬಂದ. ಅಲ್ಲಿಂದ ಹೊನ್ನಮ್ಮ ಡಬ್ಬಕ್ಕೆ ದಾರ ಕಟ್ಟಿ ನನ್ನ ಕುತ್ತಿಗೆಗೆ ಹಾಕಿದ್ಲು. ದನಕ್ಕೆ ಗಂಟೆ ಕಟ್ಟಿದ ಹಂಗೆ. ಪ್ಯಾಟೆಯಲ್ಲಿ ಜನ ಕೇಳೂದು, "ಎಂತ ದೇವಣ್ಣ, ತಾಯತವಾ?"

ಬಾಡದ ಟೂರ್ನಮೆಂಟ್ ಬಂತು. ವೆಂಕಟ ಫೋನ್ ಮಾಡಿ, "ದೇವಣ್ಣ, ಹಲ್ಲು?" ಅಂದ. "ಆಗ್ಲಿಲ್ಲ" ಅಂದೆ. "ಹಂಗಾರೆ ಈ ವರ್ಷ ಪ್ರವೀಣನೇ ಮಾಡ್ಲಿ. ನೀವು ಬಂದು ವೇದಿಕೆ ಮೇಲೆ ಕೂರಿ, ಶಾಲು ಹಾಕ್ತ್ರು." ನಂಗೆ ಶಾಲು ಎಂತಕ್ಕೆ? ಬಾಡದ ಸೆಕೆಗೆ?

ಹೋಗೂದಿಲ್ಲ ಅಂದ್ಕಂಡಿದ್ದೆ. ಹೋದೆ. ಹೋಗ್ದೆ ಮನೇಲಿ ಕೂರೂಕೆ ಆಗ್ಲಿಲ್ಲ.

ಪ್ರವೀಣ ಬೆಳಿಗ್ಗೆಯಿಂದ ಶುರು ಮಾಡಿದ್ದ. ಬೆಂಕಿ, ಆನೆ, ಗಾಜು, ಸಿಡಿಲು. ಲೀಗ್ ಮ್ಯಾಚಿಗೇ ಅಷ್ಟು ಕೂಗಿದ್ರೆ ಗಂಟಲು ಉಳೀತದ್ಯಾ? ಸೆಮಿಫೈನಲ್ ಮುಗಿಯೂ ಹೊತ್ತಿಗೆ ಅವನ ಸ್ವರ ಹಳೇ ಡೀಸೆಲ್ ಇಂಜಿನ್ನು ಕೆಮ್ಮಿದ ಹಂಗಾತು. ಫೈನಲ್ಲಿಗೆ ಟೀಮು ಇಳ್ದಾಗ ಬಾಯಿ ಕಳೀತಾನೆ, ಗಾಳಿ ಮಾತ್ರ ಬರ್ತದೆ. ವೆಂಕಟ ವೇದಿಕೆಯಿಂದ ಓಡಿ ಬಂದ. ಪ್ರವೀಣನೂ ಬಂದ. ಅವನೇ ಮೈಕ್ ತಂದು ನನ್ನ ಕೈಲಿಟ್ಟು, ಗಂಟಲು ಹಿಡ್ಕಂಡು, "ದೇವಜ್ಜ, ನೀವೇ ಮಾಡಿ" ಅಂತ ಪಿಸುಗುಟ್ಟಿದ. ಸಣ್ಣ ಮನಸ್ಸಿನವ ಅಲ್ಲ ಆ ಹುಡ್ಗ, ಅದನ್ನ ಹೇಳ್ಬೇಕು.

ಭಾಸ್ಕರಾ, ಒಂದು ವರ್ಷ ನಾ ಕಾದದ್ದು ಆ ಮೈಕಿಗೆ. ಬಂತು ಕೈಗೆ.

ಕವರ್ ಹಾಕ್ಕಂಡೇ ಎದ್ದು ನಿಂತೆ. "ಕ್ರೀಡಾಭಿಮಾನಿಗಳಿಗೆ ಸ್ವಾಗತ" ಅಂದೆ. ಸ್ಪೀಕರಲ್ಲಿ ಬಂದದ್ದು 'ಥ್ವಾಗತ'. ಮುಂದಿನ ಸಾಲಲ್ಲಿ ಹೆಂಗಸ್ರು ಮಕ್ಕಳು ಕಿಸಕ್ ಅಂದ್ರು. ವಾಲಿಬಾಲಲ್ಲಿ ಯಾವ ಮಾತಾಡ್ತೀಯ ಹೇಳು? ಸರ್ವಿಸ್, ಸೆಟ್, ಸ್ಮ್ಯಾಶ್, ಸ್ಕೋರ್. ಎಲ್ಲದ್ರಲ್ಲೂ ಅದೇ 'ಸ'.

ವೆಂಕಟ ಕಿವಿ ಹತ್ರ ಬಂದು, "ಅದನ್ನ ತೆಗ್ದು ಡಬ್ಬದಲ್ಲಿಡಿ ದೇವಣ್ಣ, ಮ್ಯಾಚ್ ಮುಗಿಯೂವರೆಗೆ" ಅಂದ. ತೆಗ್ದೆ. ಒಂದು ಆಟದ ಹೊತ್ತಲ್ಲಿ ಎಂತ ಆಗ್ತದೆ ಅಂತ ತೆಗ್ದೇಬಿಟ್ಟೆ. ತೆಗ್ದು "ಸರ್ವಿಸ್" ಅಂದೆ. ಫೂ ಅಂತ ಗಾಳಿ ಮೈಕಿಗೆ ನುಗ್ಗಿ ಸ್ಪೀಕರ್ ಕೂಗ್ತು. ಮೊದ್ಲು ಸಣ್ಣ ಸಂದು ಇತ್ತಲ್ಲ, ಆವಾಗ ಪ್ಲೇಟು ಇಲ್ದಿದ್ರೂ ಹೆಂಗೋ ನಾಲಿಗೆ ಅಡ್ಡ ಹಿಡ್ದು ಸುಧಾರಿಸ್ತಿದ್ದೆ. ಈಗ ಇಷ್ಟು ತಿಂಗಳು ಕವರ್ ಹಾಕಿ ಹಾಕಿ ಆ ಸಂದೇ ಬಾಗಿಲಷ್ಟು ಅಗಲ ಆಗಿಬಿಟ್ಟದೆ! ಅಗಲ ಮಾಡೂಕೇ ಅಲ್ವಾ ಕವರ್ ಹಾಕಿದ್ದು? ಯಾರಿಗೆ ಬೈಯೂದು ಹೇಳು.

ಮತ್ತೆ ಕವರ್ ಹಾಕಿದೆ. ನಗ್ಲಿ, ಎಷ್ಟು ನಗ್ತ್ರು ನೋಡ್ವ ಅಂತ ಶುರು ಮಾಡ್ದೆ. ಬಾಡದ ಹುಡ್ಗ ಬಾಲ್ ಹಿಡ್ದು ಗೆರೆ ಹತ್ರ ನಿಂತ. ನಾನು "ಥರ್ವಿಥ್" ಅಂದೆ. ಅವನ ಹೆಗಲು ಅಲ್ಲಾಡೂದು ಕಾಣ್ತು. ನಗು ತಡೀತಾ ಇದ್ದ ಪಾಪ. ಬಾಲ್ ಎತ್ತಿ ಹೊಡ್ದ, ನೆಟ್ಟಿಗೆ ಬಿತ್ತು. ಮುಂದಿನ ಸರದಿ ಆ ಕಡೆ ಟೀಮಿಂದು. ಅವನೂ ನಗು ಬಂದು ಬಾಲನ್ನ ಸಮುದ್ರದ ಬದಿ ಹೊಡ್ದ. ರೆಫ್ರಿ ಸೀಟಿ ಊದಿ ಮೇಜಿನ ಕಡೆ ನೋಡ್ದ.

ಆ ಹುಡುಗ್ರು ಇಡೀ ವರ್ಷ ಹೊಯ್ಗೆಯಲ್ಲಿ ಬಿದ್ದು ಎದ್ದು ಕಲ್ತ ಆಟ. ನನ್ನ ಒಂದು ಹಲ್ಲಿಗೋಸ್ಕರ ಅದು ಕೆಡೂದು ಬೇಡ ಅನ್ಸ್ತು. ನಾನೇ ಮೈಕಿನ ಗುಂಡಿ ಒತ್ತಿ ಬಂದ್ ಮಾಡ್ದೆ. ಮೇಜಿನ ಮೇಲೆ ಇಟ್ಟೆ. ವೆಂಕಟ, "ದೇವಣ್ಣ..." ಅಂದ. "ಸುಮ್ನಿರು" ಅಂದೆ. ಕುರ್ಚಿ ಎಳ್ಕಂಡು ಕೂತೆ.

ಫೈನಲ್ ಕಾಮೆಂಟ್ರಿ ಇಲ್ದೇ ಆತು. ನಾ ಕಾಯ್ತಾ ಕೂತೆ ಭಾಸ್ಕರಾ, ಯಾರಾದ್ರೂ "ಮೈಕ್ ಹಾಕಿ, ಎಂತದಿದು ಸಪ್ಪೆ" ಅಂತ ಕೂಗ್ತ್ರು ಅಂತ. ಯಾರೂ ಕೂಗ್ಲಿಲ್ಲ. ಬಾಲ್ ಸದ್ದು, ಸೀಟಿ, ತೆರೆ ಸದ್ದು. ಒಳ್ಳೇ ಪಾಯಿಂಟಿಗೆ ಜನ ತಾವೇ ಹೋ ಅಂದ್ರು. ಸ್ಕೋರು ತಾವೇ ಲೆಕ್ಕ ಹಿಡ್ದು ಪಕ್ಕದವ್ರಿಗೆ ಹೇಳಿದ್ರು. ಒಬ್ಬ ಅಜ್ಜಿ, ನನ್ನ ಮುಂದೆಯೇ ಕೂತವಳು, ಮೊಮ್ಮಗಳಿಗೆ ಆಟ ವಿವರಿಸ್ತಾ ಇದ್ಲು, ಯಾರು ಯಾರ ಮನೆಯವ, ಯಾರಪ್ಪ ಮೊದ್ಲು ಆಡ್ತಿದ್ದ, ಎಲ್ಲ. ಐದನೇ ಸೆಟ್ಟಿಗೆ ಹೋತು. ಬಾಡ ಗೆದ್ತು. ಹುಡುಗ್ರನ್ನ ಹೆಗಲ ಮೇಲೆ ಹೊತ್ಕಂಡು ಕುಣಿದ್ರು. ಮನೆಗೆ ಹೋಗೂವಾಗ ಒಬ್ಬ, "ಎಂಥ ಫೈನಲ್ಲು ಮಾರಾಯಾ! ಇಷ್ಟು ವರ್ಷದಲ್ಲಿ ಇಂಥದ್ದು ನೋಡ್ಲಿಲ್ಲ" ಅಂತ ಹೇಳ್ಕಂಡು ಹೋದ. ನನ್ನ ಪಕ್ಕದಿಂದಲೇ ಹೋದ.

ಬಸ್ಸಲ್ಲಿ ಬರೂವಾಗ ಹೊನ್ನಮ್ಮ, "ಹೋಗ್ಲಿ ಬಿಡಿ, ಹಲ್ಲು ಊಟಕ್ಕಲ್ವಾ, ಮೈಕಿಗಾ?" ಅಂದ್ಲು. ನಾನು ಕಿಟಕಿ ಹೊರಗೆ ನೋಡ್ತಾ ಕೂತೆ. ಹೊನ್ನಾವರ ಸೇತುವೆ ದಾಟೂವರೆಗೂ ಬಾಯಿ ಬಿಡ್ಲಿಲ್ಲ. ಅವಳು ಹಣೆ ಮುಟ್ಟಿ ನೋಡಿದ್ಲು, ಜ್ವರ ಬಂತಾ ಅಂತ.

ನಿನ್ನೆ ಡಾಕ್ಟ್ರ ಹತ್ರ ಹೋಗಿದ್ದೆ. ಫೋಟೋ ನೋಡಿ ಅವ್ರ ಮುಖ ಅರಳ್ತು. "ಅಜ್ಜಾರೆ, ಜಾಗ ಆಯ್ತು! ಬೇರೂ ನೆಟ್ಟಗಾಗಿದೆ. ಬರೂ ವಾರ ಸ್ಕ್ರೂ ಹಾಕ್ವ." ಆಮೇಲೆ, ಸ್ಕ್ರೂ ಎಲುಬಿಗೆ ಹಿಡ್ದು ಮೇಲೆ ಹಲ್ಲು ಕೂರೂವರೆಗೂ ಜಾಗ ಮುಚ್ಚದ ಹಂಗೆ ಕವರ್ ಹಾಕ್ಕಂಡೇ ಇರ್ಬೇಕು ಅಂತ! ಅದನ್ನ ಈಗ ಹೇಳ್ತಾರೆ! ಮೊದ್ಲೇ ಹೇಳಿದ್ದೆ ಅಂತ ಅವ್ರು. ಹೇಳಿರ್ಬೋದು. ನಾ ಮೈಕಿನ ತಲೆಬಿಸಿಯಲ್ಲಿ ಕೇಳಿರ್ಲಿಕ್ಕಿಲ್ಲ.

ಆತು ಅಂದೆ. ಹಾಕ್ಸ್ತೆ. ಇಷ್ಟು ಮಾಡಿ ಬಿಡೂ ಜಾತಿ ಅಲ್ಲ ನಾನು.

ಆದ್ರೆ ಒಂದು ಮಾತು ಕೇಳ್ತೆ, ನೀ ಟೈಪು ಮಾಡ್ಬೇಡ, ಬಾಯಲ್ಲೇ ಹೇಳಿ ಕಳಿಸು. ಆ ಫೈನಲ್ಲಿಗೆ ನೀನಿದ್ದು, ನಾನು ಮೈಕ್ ಬಂದ್ ಮಾಡಿ ಕೂತಿದ್ರೆ, ನಿಂಗೆ ಎಂತದೋ ಕಡಿಮೆ ಆತು ಅನ್ಸ್ತಿತ್ತಾ ಇಲ್ವಾ? ಯೋಚನೆ ಮಾಡೂಕೆ ಹೋಗ್ಬೇಡ. ಅನ್ಸ್ತಿತ್ತು ಅನ್ನು. ಸುಳ್ಳಾದ್ರೂ ಅನ್ನು ಮಾರಾಯಾ.